ಬಡವನ ದೂರಿಗೆ ಲಿಪಿ ಕೊಟ್ಟ ದೊರೆ

ದಕ್ಷಿಣ ಕೊರಿಯಾದ ಹತ್ತು ಸಾವಿರ ವಾನ್ ನೋಟಿನ ಮೇಲೆ ಗಡ್ಡಧಾರಿ ಅರಸನೊಬ್ಬನ ಚಿತ್ರವಿದೆ. ಆತ ಸೆಜಾಂಗ್. ರಾಜ್ಯ ವಿಸ್ತರಿಸಿದ್ದಕ್ಕಿಂತ ಹೆಚ್ಚಾಗಿ, ತನ್ನ ಜನರಿಗೊಂದು ಲಿಪಿಯನ್ನು ಕೊಟ್ಟಿದ್ದಕ್ಕಾಗಿ ಕೊರಿಯನ್ನರು ಅವನನ್ನು ನೆನೆಯುತ್ತಾರೆ.

1392ರಲ್ಲಿ ಸ್ಥಾಪನೆಯಾದ ಜೊಸಾನ್ ವಂಶದ ನಾಲ್ಕನೇ ದೊರೆಯಾದ ಸೆಜಾಂಗ್ ಜನಿಸಿದ್ದು 1397ರಲ್ಲಿ. ತಂದೆ ಟೇಜಾಂಗ್ ಮಲಸಹೋದರರನ್ನು ಕೊಲ್ಲಿಸಿ ಗದ್ದುಗೆಯ ದಾರಿ ಸುಗಮಗೊಳಿಸಿಕೊಂಡವನು. ಹಿರಿಯ ಮಗನ ದುರ್ನಡತೆಯಿಂದ ಬೇಸತ್ತ ಆತ 1418ರಲ್ಲಿ ಯುವರಾಜ ಪದವಿಯನ್ನು ಕಿತ್ತು, ಸದಾ ಪುಸ್ತಕಗಳ ನಡುವೆಯೇ ಇರುತ್ತಿದ್ದ ಮೂರನೆಯ ಮಗನಿಗೆ ಕೊಟ್ಟ. ಅದೇ ವರ್ಷ ಸಿಂಹಾಸನವನ್ನೂ ಬಿಟ್ಟುಕೊಟ್ಟ. ಸೇನೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ರಾಣಿಯ ತವರಿನವರು ಪ್ರಬಲರಾದಾರು ಎಂಬ ಶಂಕೆಯಿಂದ ಸೆಜಾಂಗನ ಮಾವನಿಗೇ ಮರಣದಂಡನೆ ವಿಧಿಸಿದ. ಹೆಸರಿಗೆ ಅರಸನಾದ ಅಳಿಯನಿಗೆ ಅದನ್ನು ತಡೆಯಲಾಗಲಿಲ್ಲ. 1422ರಲ್ಲಿ ತಂದೆ ತೀರಿಕೊಂಡ ಮೇಲಷ್ಟೇ ಆತನ ನಿಜವಾದ ಆಳ್ವಿಕೆ ಆರಂಭವಾಯಿತು.

ಪಂಡಿತರ ಸಭೆ, ಕೃಷಿ ಕೈಪಿಡಿ, ಮಳೆಮಾಪಕ, ಜಲಗಡಿಯಾರ ಎಲ್ಲವೂ ಆ ಕಾಲದ ಕೊಡುಗೆಗಳು. 1430ರಲ್ಲಿ ಭೂಕಂದಾಯದ ಹೊಸ ಪದ್ಧತಿಯ ಬಗ್ಗೆ ಆತ ರೈತರೂ ಸೇರಿದಂತೆ ಸುಮಾರು 1,70,000 ಜನರ ಅಭಿಪ್ರಾಯ ಕೇಳಿದ್ದ. ಒಪ್ಪಿದವರು 98,657, ಒಪ್ಪದವರು 74,149. ಬಹುಮತ ದೊರೆತರೂ ಅವಸರದಲ್ಲಿ ಜಾರಿಗೊಳಿಸದೆ ವರ್ಷಗಟ್ಟಲೆ ಚರ್ಚೆ ನಡೆಸಿದ. ಆದರೆ ಜಲಗಡಿಯಾರ ನಿರ್ಮಿಸಿದ, ದಾಸ್ಯದಿಂದ ಮೇಲೆ ಬಂದ ಜಾಂಗ್ ಯಾಂಗ್‌ಸಿಲ್‌ನನ್ನು 1442ರಲ್ಲಿ ಅರಸನ ಪಲ್ಲಕ್ಕಿ ಮುರಿದ ಕಾರಣಕ್ಕೆ ಛಡಿ ಏಟು ಕೊಟ್ಟು ಹೊರದಬ್ಬಿದ್ದೂ ಇದೇ ಆಸ್ಥಾನ.

1428ರಲ್ಲಿ ಜಿಂಜು ಪ್ರಾಂತದಲ್ಲಿ ಮಗನೊಬ್ಬ ತಂದೆಯನ್ನು ಕೊಂದ ಸುದ್ದಿ ಅರಸನನ್ನು ಕಲಕಿತು. ಜನರಿಗೆ ನೀತಿ ತಿಳಿಸಲು ಆತ ಸಚಿತ್ರ ಪುಸ್ತಕವೊಂದನ್ನು ಸಿದ್ಧಪಡಿಸಿ 1434ರಲ್ಲಿ ಹೊರತಂದ. ಚಿತ್ರವೇನೋ ಕಣ್ಣಿಗೆ ಕಾಣುತ್ತಿತ್ತು, ಪಕ್ಕದ ಬರಹ ಚೀನೀ ಲಿಪಿಯದು. ಸಾವಿರಾರು ಚಿಹ್ನೆಗಳ ಆ ಲಿಪಿ ಕಲಿಯಲು ಉಳುವವನಿಗೆ ಬಿಡುವೆಲ್ಲಿ? ತನಗಾದ ಅನ್ಯಾಯವನ್ನು ಬರೆದು ಅಧಿಕಾರಿಗೆ ಮುಟ್ಟಿಸುವ ದಾರಿಯೂ ಅವನಿಗಿರಲಿಲ್ಲ.

1443ರ ಕೊನೆಯ ಚಾಂದ್ರಮಾಸದಲ್ಲಿ ಸೆಜಾಂಗ್ 28 ಅಕ್ಷರಗಳ ಲಿಪಿಯನ್ನು ಹೊರಗಿಟ್ಟ. ವ್ಯಂಜನಗಳ ಆಕಾರಕ್ಕೆ ನಾಲಿಗೆ, ಹಲ್ಲು, ಬಾಯಿ, ಗಂಟಲೇ ಮಾದರಿ. ಧ್ವನಿ ಬಿರುಸಾದಂತೆ ಅಕ್ಷರಕ್ಕೊಂದು ಗೆರೆ ಹೆಚ್ಚು. ಉಚ್ಚಾರಣಾ ಸ್ಥಾನದಂತೆ ವರ್ಗ ಮಾಡುವ ಈ ಕ್ರಮ ಕ, ಚ, ಟ, ತ, ಪ ವರ್ಗಗಳನ್ನು ಬಾಯಿಪಾಠ ಮಾಡಿದ ಕನ್ನಡಿಗರಿಗೆ ಅಪರಿಚಿತವೇನಲ್ಲ.

ವಿರೋಧ ಬಂದದ್ದು ಅರಸನೇ ಸಾಕಿದ ಪಂಡಿತ ಸಭೆಯಿಂದ. ಚೀನೀ ಲಿಪಿಯನ್ನು ತೊರೆಯುವುದೆಂದರೆ ನಾಗರಿಕತೆಯನ್ನೇ ತೊರೆದು ಅನಾಗರಿಕರ ಸಾಲಿಗೆ ಸೇರಿದಂತೆ ಎಂದು 1444ರಲ್ಲಿ ಚೊಯ್ ಮಾನ್ರಿ ಮತ್ತು ಸಂಗಡಿಗರು ಮನವಿ ಸಲ್ಲಿಸಿದರು. ಕಣ್ಣಿನ ಚಿಕಿತ್ಸೆಗೆಂದು ಚಿಲುಮೆಗೆ ಹೊರಟಾಗಲೂ ಅರಸ ಲಿಪಿಯ ಕೆಲಸ ಬಿಡುವುದಿಲ್ಲ ಎಂಬ ಆಕ್ಷೇಪವೂ ಅದರಲ್ಲಿತ್ತು. ಅಕ್ಷರಗಳನ್ನು ರೂಪಿಸುತ್ತಿದ್ದವನ ದೃಷ್ಟಿಯೇ ಆಗ ಮಂಜಾಗುತ್ತಿತ್ತು. ಸೆಜಾಂಗ್ ಅವರನ್ನು ಸೆರೆಗೆ ಹಾಕಿಸಿ, ಮರುದಿನವೇ ಬಿಡಿಸಿದ.

1446ರಲ್ಲಿ ಲಿಪಿ ಅಧಿಕೃತವಾಗಿ ಪ್ರಕಟವಾಯಿತು. ರಾಣಿ ತೀರಿಕೊಂಡದ್ದೂ ಅದೇ ವರ್ಷ. 1450ರಲ್ಲಿ, 52ನೇ ವಯಸ್ಸಿನಲ್ಲಿ ಸೆಜಾಂಗ್ ಕಣ್ಮುಚ್ಚಿದ.

ಪಂಡಿತರು ಈ ಲಿಪಿಯನ್ನು ಶತಮಾನಗಳ ಕಾಲ ಕೀಳಾಗಿ ಕಂಡರು. ಹೆಂಗಸರೂ ಸಾಮಾನ್ಯರೂ ಉಳಿಸಿಕೊಂಡರು. ಸರ್ಕಾರಿ ಕಾಗದಪತ್ರಗಳಿಗೆ ಅದು ಸಲ್ಲತೊಡಗಿದ್ದು 1894ರಲ್ಲಿ. ಜಪಾನೀ ಆಳ್ವಿಕೆ ಕೊರಿಯನ್ ಭಾಷೆಯನ್ನು ಶಾಲೆಗಳಿಂದ ಹೊರಗಟ್ಟುತ್ತಿದ್ದ ಹೊತ್ತಿನಲ್ಲೇ, 1940ರಲ್ಲಿ, ಆಂಡಾಂಗ್‌ನಲ್ಲಿ 1446ರ ಮೂಲ ವಿವರಣಾ ಗ್ರಂಥದ ಪ್ರತಿ ದೊರೆಯಿತು. ಅಕ್ಷರಗಳ ಆಕಾರ ಕಿಟಕಿಯ ಜಾಲರಿಯಿಂದ ಬಂದದ್ದೆಂಬ ಊಹೆಗೆ ತೆರೆ ಬಿದ್ದದ್ದು ಆಗಲೇ. ಗ್ರಂಥವನ್ನು ಕೊಂಡ ಸಂಗ್ರಾಹಕ ಜಾನ್ ಹ್ಯಾಂಗ್‌ಪಿಲ್ ಜಪಾನೀಯರು ತೊಲಗುವವರೆಗೂ ಅದನ್ನು ಗುಟ್ಟಾಗಿ ಕಾಪಾಡಿದ.