ರಾಮ್ ಗೋಪಾಲ್ (ನೃತ್ಯ ಕಲಾವಿದ)

ರಾಮ್ ಗೋಪಾಲ್ (20 ನವೆಂಬರ್ 1912 – 12 ಅಕ್ಟೋಬರ್ 2003) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ನೃತ್ಯ ಕಲಾವಿದರು, ನೃತ್ಯ ಸಂಯೋಜಕರು ಮತ್ತು ಶಿಕ್ಷಕರು. ಭರತನಾಟ್ಯ, ಕಥಕ್ಕಳಿ ಮತ್ತು ಕಥಕ್ ಶೈಲಿಗಳನ್ನು ಗುರುಮುಖೇನ ಕಲಿತು, ಅವುಗಳನ್ನು ಆಧುನಿಕ ರಂಗಮಂದಿರಕ್ಕೆ ಹೊಂದುವಂತೆ ರೂಪಿಸಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಪ್ರದರ್ಶಿಸಿದ ಮೊದಲ ತಲೆಮಾರಿನ ಕಲಾವಿದರಲ್ಲಿ ಇವರು ಪ್ರಮುಖರು. ಭರತನಾಟ್ಯವನ್ನು ಏಕವ್ಯಕ್ತಿ ಪ್ರದರ್ಶನವಾಗಿ ವಿದೇಶಗಳಿಗೆ ಒಯ್ದ ಮೊದಲ ಪುರುಷ ಕಲಾವಿದರ ಸಾಲಿನಲ್ಲಿಯೂ ಇವರ ಹೆಸರಿದೆ. ಪಾಶ್ಚಾತ್ಯ ವಿಮರ್ಶಕರು ಇವರನ್ನು ರಷ್ಯದ ಬ್ಯಾಲೆ ಕಲಾವಿದ ನಿಜಿನ್ಸ್ಕಿಗೆ ಹೋಲಿಸುತ್ತಿದ್ದರು.

ಜನನ ಮತ್ತು ಬಾಲ್ಯ

ಇವರ ಪೂರ್ಣ ಹೆಸರು ಬಿಸ್ಸಾನೋ ರಾಮ್ ಗೋಪಾಲ್. ತಂದೆ ರಜಪೂತ ಮನೆತನದ ಬ್ಯಾರಿಸ್ಟರ್; ತಾಯಿ ಬರ್ಮಾ ಮೂಲದವರು. ಜನ್ಮವರ್ಷದ ಬಗ್ಗೆ ಬರಹಗಳಲ್ಲಿ ವ್ಯತ್ಯಾಸವಿದ್ದರೂ 1912 ಎಂಬುದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ಕುಟುಂಬವು ಬೆಂಗಳೂರು ದಂಡು ಪ್ರದೇಶಕ್ಕೆ ಹೊಂದಿಕೊಂಡ ಬೆನ್ಸನ್ ಟೌನ್‌ನಲ್ಲಿ ವಾಸವಾಗಿತ್ತು. ಆಗ ಬೆಂಗಳೂರು ಎರಡು ಊರುಗಳಂತಿತ್ತು: ಒಂದೆಡೆ ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದ ಪೇಟೆ, ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು, ಇನ್ನೊಂದೆಡೆ ಬ್ರಿಟಿಷರ ಆಡಳಿತದ ದಂಡು. ದಂಡಿನಲ್ಲಿ ಪಾಶ್ಚಾತ್ಯ ಸಂಗೀತ, ನಾಟಕ ಮತ್ತು ಸಿನಿಮಾಗಳು ಸುಲಭವಾಗಿ ದೊರೆಯುತ್ತಿದ್ದವು.

ರಾಮ್ ಗೋಪಾಲ್ ಅವರಿಗೆ ಎಳವೆಯಿಂದಲೇ ನೃತ್ಯದಲ್ಲಿ ಆಸಕ್ತಿಯಿತ್ತು. ಮಗನು ಅದನ್ನು ವೃತ್ತಿಯಾಗಿ ಸ್ವೀಕರಿಸುವುದು ತಂದೆಗೆ ಒಪ್ಪಿಗೆಯಾಗಲಿಲ್ಲ. ದೇವದಾಸಿಯರ ಕಲೆಯೆಂಬ ಕಾರಣಕ್ಕೆ ನೃತ್ಯವನ್ನು ಸುಶಿಕ್ಷಿತ ಕುಟುಂಬಗಳು ದೂರವಿಟ್ಟಿದ್ದ ಕಾಲವದು. ಮೈಸೂರು ಸಂಸ್ಥಾನದಲ್ಲಿ 1909ರಲ್ಲಿಯೇ ದೇವಾಲಯಗಳ ದೇವದಾಸಿ ಪದ್ಧತಿ ರದ್ದಾಗಿತ್ತು. ಹುಡುಗಿಯರು ನೃತ್ಯ ಕಲಿಯುವುದೇ ಆಕ್ಷೇಪಾರ್ಹವಾಗಿದ್ದಾಗ, ವಕೀಲರ ಮನೆಯ ಹುಡುಗನೊಬ್ಬ ಗೆಜ್ಜೆ ಕಟ್ಟುವುದು ಇನ್ನೂ ಅಪರೂಪದ ಸಂಗತಿಯಾಗಿತ್ತು. ಕಲಾಪೋಷಕರಾಗಿದ್ದ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಪ್ರೋತ್ಸಾಹವು ಈ ಹಂತದಲ್ಲಿ ರಾಮ್ ಗೋಪಾಲ್ ಅವರಿಗೆ ಆಸರೆಯಾಯಿತು.

ನೃತ್ಯಾಭ್ಯಾಸ

ರಾಮ್ ಗೋಪಾಲ್ ಒಂದೇ ಶೈಲಿಗೆ ತಮ್ಮನ್ನು ಸೀಮಿತಗೊಳಿಸಿಕೊಳ್ಳಲಿಲ್ಲ. ಕಥಕ್ಕಳಿಯನ್ನು ಕೇರಳದ ಹೆಸರಾಂತ ಗುರು ಕುಂಜು ಕುರುಪ್ ಅವರಿಂದ ಕಲಿತರು. ಭರತನಾಟ್ಯವನ್ನು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಮತ್ತು ಮುತ್ತುಕುಮಾರನ್ ಪಿಳ್ಳೈ ಅವರಲ್ಲಿ ಅಭ್ಯಾಸ ಮಾಡಿದರು. ಕಥಕ್‌ನ ಜೈಪುರ ಘರಾಣೆಯ ಪಾಠವು ಜೈಲಾಲ್ ಮತ್ತು ಸೋಹನ್‌ಲಾಲ್ ಅವರಿಂದ ದೊರೆಯಿತು.

ಮೀನಾಕ್ಷಿಸುಂದರಂ ಪಿಳ್ಳೈ ಅವರ ಪಾಠಶಾಲೆ ಆ ಕಾಲದ ಹಲವು ಹೊಸ ಕಲಾವಿದರ ನೆಲೆಯಾಗಿತ್ತು. ಮದರಾಸಿನಲ್ಲಿ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ರುಕ್ಮಿಣಿ ದೇವಿ ಅವರೂ, ಬೆಂಗಳೂರಿನ ದಂಪತಿ ಯು. ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾ ದೇವಿ ಅವರೂ ಇದೇ ಗುರುವಿನ ಶಿಷ್ಯರು. ರುಕ್ಮಿಣಿ ದೇವಿ ಸಂಸ್ಥೆ ಕಟ್ಟುವ ಮಾರ್ಗವನ್ನು ಹಿಡಿದರೆ, ಕೃಷ್ಣರಾವ್ ದಂಪತಿ ಬೆಂಗಳೂರಿನಲ್ಲಿ ನೆಲೆಸಿ ಶಿಷ್ಯರನ್ನು ಬೆಳೆಸಿದರು. ರಾಮ್ ಗೋಪಾಲ್ ಅವರ ಬದುಕಿನ ಬಹುಭಾಗ ಪ್ರವಾಸದಲ್ಲಿ ಕಳೆಯಿತು.

ವಿದೇಶ ಪ್ರವಾಸಗಳು

ಅಮೆರಿಕದ ನರ್ತಕಿ ಲಾ ಮೇರಿ 1930ರ ದಶಕದ ಉತ್ತರಾರ್ಧದಲ್ಲಿ ಭಾರತ ಪ್ರವಾಸಕ್ಕೆ ಬಂದಾಗ ರಾಮ್ ಗೋಪಾಲ್ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಆ ತಂಡದೊಂದಿಗೆ ಅವರು ಆಗ್ನೇಯ ಏಷ್ಯಾದ ದೇಶಗಳಲ್ಲಿಯೂ ಜಪಾನಿನಲ್ಲಿಯೂ ನರ್ತಿಸಿದರು. ಜಪಾನಿನಲ್ಲಿ ಇಬ್ಬರೂ ಬೇರೆಯಾದರು. ಪೋಲೆಂಡಿನ ಲೇಖಕ ಅಲೆಕ್ಸಾಂಡರ್ ಜಾಂತಾ ಅವರ ನೆರವಿನಿಂದ ಮುಂದಿನ ಪ್ರವಾಸ ಸಾಧ್ಯವಾಯಿತು. 1938ರಲ್ಲಿ ಅಮೆರಿಕದಲ್ಲಿ ಪ್ರದರ್ಶನ ನೀಡಿ, ಅಲ್ಲಿಂದ ಯುರೋಪಿಗೆ ತೆರಳಿ ವಾರ್ಸಾ ಮತ್ತು ಪ್ಯಾರಿಸ್‌ಗಳಲ್ಲಿ ನರ್ತಿಸಿದರು. ಅದೇ ವರ್ಷ ಅಮೆರಿಕದ ಛಾಯಾಗ್ರಾಹಕ ಕಾರ್ಲ್ ವಾನ್ ವೆಕ್ಟನ್ ತೆಗೆದ ಇವರ ಭಾವಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ.

1939ರ ಜುಲೈನಲ್ಲಿ ಲಂಡನ್ನಿನ ಆಲ್ಡ್ವಿಚ್ ರಂಗಮಂದಿರದಲ್ಲಿ ನಡೆದ ಪ್ರದರ್ಶನವು ಅವರಿಗೆ ವ್ಯಾಪಕ ಖ್ಯಾತಿಯನ್ನು ತಂದಿತು. ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ರಾಮ್ ಗೋಪಾಲ್ ಭಾರತಕ್ಕೆ ಹಿಂದಿರುಗಿದರು.

ಬೆಂಗಳೂರಿನ ನೃತ್ಯಶಾಲೆ

ಯುದ್ಧದ ವರ್ಷಗಳಲ್ಲಿ ರಾಮ್ ಗೋಪಾಲ್ ಭಾರತದ ನಗರಗಳಲ್ಲಿ ಪ್ರವಾಸ ಮಾಡಿದರು. ಸೈನಿಕರಿಗಾಗಿಯೂ ಪ್ರದರ್ಶನಗಳನ್ನು ನೀಡಿದರು. ಬೆನ್ಸನ್ ಟೌನ್‌ನಲ್ಲಿ ನೃತ್ಯಶಾಲೆಯನ್ನು ನಡೆಸಿದರು. ಭರತನಾಟ್ಯ ಮತ್ತು ಕಥಕ್ಕಳಿಗಳಿಗೆ ಹೊಂದಿಕೊಂಡಿದ್ದ ದಕ್ಷಿಣದ ಈ ನಗರದಲ್ಲಿ ಉತ್ತರ ಭಾರತದ ಕಥಕ್ ಬೇರೂರಲು ಈ ಶಾಲೆ ಕಾರಣವಾಯಿತು. ಸೋಹನ್‌ಲಾಲ್ ಅಲ್ಲಿ ಕಥಕ್ ಕಲಿಸುತ್ತಿದ್ದರು. ಮಲ್ಲೇಶ್ವರದಲ್ಲಿ ಬೆಳೆದ ಮಾಯಾ ರಾವ್ ಅವರು ಬಾಲಕಿಯಾಗಿದ್ದಾಗ ಕಥಕ್‌ನ ಮೊದಲ ಪಾಠ ಕಲಿತದ್ದು ಇವರಲ್ಲಿಯೇ.

ಮೃಣಾಲಿನಿ ಸಾರಾಭಾಯಿ, ತಾರಾ ಚೌಧರಿ, ಕುಮುದಿನಿ ಲಖಿಯಾ ಮೊದಲಾದವರು ಬೇರೆ ಬೇರೆ ಅವಧಿಗಳಲ್ಲಿ ರಾಮ್ ಗೋಪಾಲ್ ಅವರ ಜೊತೆಗೆ ನರ್ತಿಸಿದರು. ಯುದ್ಧ ಮುಗಿದ ಬಳಿಕ, 1947ರಿಂದ ಅವರು ಮತ್ತೆ ವಿದೇಶ ಪ್ರವಾಸಗಳಲ್ಲಿ ತೊಡಗಿದರು. ಬೆಂಗಳೂರಿನ ಶಾಲೆ ಸ್ಥಾಪಕರ ನಿರಂತರ ಉಪಸ್ಥಿತಿಯಿಲ್ಲದೆ ಹೆಚ್ಚು ಕಾಲ ಉಳಿಯಲಿಲ್ಲ.

ರಂಗಪ್ರಯೋಗದ ವಿಧಾನ

ರಾಮ್ ಗೋಪಾಲ್ ಅವರಿಗಿಂತ ಮೊದಲು ಪಶ್ಚಿಮದಲ್ಲಿ ಭಾರತೀಯ ನೃತ್ಯವೆಂದರೆ ಮುಖ್ಯವಾಗಿ ಉದಯ್ ಶಂಕರ್ ಅವರ ಹೆಸರೇ ಕೇಳಿಬರುತ್ತಿತ್ತು. 1923ರಲ್ಲಿ ಅನ್ನಾ ಪಾವ್ಲೋವಾ ಅವರೊಂದಿಗೆ ಕೆಲಸ ಮಾಡಿದ ಉದಯ್ ಶಂಕರ್, ಯಾವುದೇ ಒಂದು ಶಾಸ್ತ್ರೀಯ ಶೈಲಿಗೆ ಕಟ್ಟುಬೀಳದೆ ಹೊಸದೊಂದು ನೃತ್ಯಭಾಷೆಯನ್ನು ರೂಪಿಸಿಕೊಂಡಿದ್ದರು. ರಾಮ್ ಗೋಪಾಲ್ ಅವರ ಮಾರ್ಗ ಬೇರೆಯಾಗಿತ್ತು. ಶೈಲಿಗಳನ್ನು ಒಂದರೊಳಗೊಂದು ಬೆರೆಸದೆ, ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ನಿಲ್ಲಿಸಿದರು. ಭರತನಾಟ್ಯದ ಅಡವು, ಕಥಕ್‌ನ ತತ್ಕಾರ, ಕಥಕ್ಕಳಿಯ ಮುದ್ರೆ ತಮ್ಮ ತಮ್ಮ ವ್ಯಾಕರಣದಲ್ಲಿಯೇ ಉಳಿದವು. ಅವುಗಳ ಸುತ್ತಲಿನ ಚೌಕಟ್ಟು ಬದಲಾಯಿತು.

ಈ ಬದಲಾವಣೆಯಲ್ಲಿ ಮೊದಲನೆಯದು ಕಾಲಾವಧಿ. ಕಥಕ್ಕಳಿ ಪ್ರದರ್ಶನ ಇಡೀ ರಾತ್ರಿ ನಡೆಯುವಂಥದ್ದು. ಭರತನಾಟ್ಯದ ಒಂದು ವರ್ಣವೇ ಗಂಟೆಯ ಹತ್ತಿರ ಹೋಗಬಹುದು. ಸಾಹಿತ್ಯದ ಭಾಷೆ ತಿಳಿಯದ, ಎರಡು ಗಂಟೆಗೆ ಚೀಟಿ ಕೊಂಡು ಬಂದ ಪ್ರೇಕ್ಷಕರಿಗಾಗಿ ಅವರು ಚಿಕ್ಕ ಚಿಕ್ಕ ನೃತ್ಯಗಳನ್ನು ಆಯ್ದು ಜೋಡಿಸಿದರು. ಎರಡನೆಯದು ಆಹಾರ್ಯ. ಕಥಕ್ಕಳಿಯ ಚುಟ್ಟಿ ಮತ್ತು ದಪ್ಪ ಬಣ್ಣಗಾರಿಕೆಯನ್ನು ತಗ್ಗಿಸಿ ಮುಖಭಾವ ಕಾಣುವಂತೆ ಮಾಡಿದರು. ಕಿರೀಟ, ಆಭರಣ ಮತ್ತು ಉಡುಪುಗಳನ್ನು ದೇವಾಲಯ ಶಿಲ್ಪಗಳ ಛಾಯೆಯಲ್ಲಿ ಸಿದ್ಧಪಡಿಸಿದರು. ಮೂರನೆಯದು ಬೆಳಕು. ಎಣ್ಣೆಯ ದೀಪದ ಎದುರು ನಡೆಯುತ್ತಿದ್ದ ಕಲೆಯನ್ನು ವಿದ್ಯುತ್ ದೀಪಗಳಿರುವ ರಂಗಕ್ಕೆ ತಂದಾಗ ಬೆಳಕನ್ನೂ ಅಭಿನಯದ ಅಂಗವನ್ನಾಗಿ ಬಳಸಿಕೊಂಡರು. ವಾದ್ಯಗಾರರು ಮಾತ್ರ ಭಾರತದಿಂದಲೇ ತಂಡದೊಂದಿಗೆ ಪ್ರಯಾಣಿಸುತ್ತಿದ್ದರು.

ಪ್ರಮುಖ ನೃತ್ಯಗಳು

ಚಿನ್ನದ ಬಣ್ಣದ ರೆಕ್ಕೆಗಳನ್ನು ಧರಿಸಿ ನರ್ತಿಸುತ್ತಿದ್ದ 'ಗರುಡ', ಶಿವನ ನೃತ್ಯಗಳು ಮತ್ತು ಮುಳುಗುವ ಸೂರ್ಯನನ್ನು ಕುರಿತ ನೃತ್ಯ ಇವರ ಏಕವ್ಯಕ್ತಿ ಪ್ರದರ್ಶನಗಳಲ್ಲಿ ಹೆಸರಾದವು.

1950ರ ದಶಕದಲ್ಲಿ ಅವರು ತಂಡಕ್ಕಾಗಿ ದೀರ್ಘ ನೃತ್ಯರೂಪಕಗಳನ್ನು ಸಂಯೋಜಿಸಿದರು. ಷಹಜಹಾನ್ ಮತ್ತು ಮುಮ್ತಾಜ್ ಕಥೆಯನ್ನು ಆಧರಿಸಿದ ತಾಜಮಹಲ್ ರೂಪಕವು 1956ರಲ್ಲಿ ಎಡಿನ್‌ಬರ್ಗ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. 1960ರಲ್ಲಿ ಇಂಗ್ಲೆಂಡಿನ ಖ್ಯಾತ ಬ್ಯಾಲೆ ಕಲಾವಿದೆ ಅಲಿಸಿಯಾ ಮಾರ್ಕೋವಾ ಅವರೊಂದಿಗೆ 'ರಾಧಾ-ಕೃಷ್ಣ'ವನ್ನು ಪ್ರದರ್ಶಿಸಿದರು. ಇದರಲ್ಲಿ ಮಾರ್ಕೋವಾ ರಾಧೆಯಾಗಿ, ರಾಮ್ ಗೋಪಾಲ್ ಕೃಷ್ಣನಾಗಿ ಕಾಣಿಸಿಕೊಂಡರು. ಅಲ್ಲಿಯವರೆಗೆ ಶೈಲಿಗಳನ್ನು ಪ್ರತ್ಯೇಕವಾಗಿಯೇ ಉಳಿಸಿಕೊಂಡು ಬಂದ ಅವರು, ಎರಡು ಖಂಡಗಳ ನೃತ್ಯಪರಂಪರೆಗಳನ್ನು ಒಂದೇ ಕಥೆಯೊಳಗೆ ಎದುರುಬದುರಾಗಿಸಿದ ಪ್ರಯೋಗವಿದು. ಬ್ಯಾಲೆಯ ದೇಹ ನೆಲದಿಂದ ಮೇಲಕ್ಕೆ ಹಾರಲು ಹವಣಿಸುತ್ತದೆ. ಭಾರತೀಯ ನರ್ತಕನ ದೇಹ ಮಂಡಿ ಬಾಗಿಸಿ ನೆಲವನ್ನು ತಟ್ಟುತ್ತದೆ. ಈ ಭಿನ್ನತೆಯೇ ಇಂಥ ಸಹಯೋಗಗಳ ಮುಖ್ಯ ಸವಾಲಾಗಿತ್ತು.

ಬರವಣಿಗೆ ಮತ್ತು ಚಲನಚಿತ್ರ

ಸೆರೋಜ್ ದಾದಾಚಾಂಜಿ ಅವರೊಂದಿಗೆ ಭಾರತೀಯ ನೃತ್ಯಗಳನ್ನು ಪರಿಚಯಿಸುವ 'ಇಂಡಿಯನ್ ಡಾನ್ಸಿಂಗ್' ಗ್ರಂಥವನ್ನು (1951) ಬರೆದರು. ಇವರ ಆತ್ಮಕಥೆ 'ರಿದಮ್ ಇನ್ ದ ಹೆವನ್ಸ್' 1957ರಲ್ಲಿ ಪ್ರಕಟವಾಯಿತು. 'ದ ಪ್ಲಾಂಟರ್ಸ್ ವೈಫ್' (1952) ಮತ್ತು 'ದ ಪರ್ಪಲ್ ಪ್ಲೇನ್' (1954) ಚಲನಚಿತ್ರಗಳಲ್ಲಿ ಪೋಷಕ ಪಾತ್ರಗಳನ್ನು ನಿರ್ವಹಿಸಿದರು.

ವಿಮರ್ಶೆ

ವೇಷಭೂಷಣದ ವೈಭವ ಮತ್ತು ಸಂಕ್ಷೇಪಗೊಳಿಸಿದ ನೃತ್ಯಗಳ ಬಗ್ಗೆ ಸಂಪ್ರದಾಯನಿಷ್ಠರಿಂದ ಆಕ್ಷೇಪಗಳಿದ್ದವು. ಸಂಕ್ಷೇಪದಿಂದ ನಷ್ಟವಾಗುವುದು ನಿಜ. ಒಂದೇ ಸಾಲಿನ ಸಾಹಿತ್ಯವನ್ನು ಹಲವು ಬಗೆಯಲ್ಲಿ ವಿಸ್ತರಿಸುವ ಸಂಚಾರಿ ಅಭಿನಯಕ್ಕೆ ಐದಾರು ನಿಮಿಷಗಳ ನೃತ್ಯದಲ್ಲಿ ಅವಕಾಶ ಕಡಿಮೆ. ಆದರೆ ಭಾಷೆಯನ್ನೂ ಕಥೆಯನ್ನೂ ಅರಿಯದ ಪ್ರೇಕ್ಷಕರು ಭಾರತದ ಶಾಸ್ತ್ರೀಯ ಶೈಲಿಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲು ಕಲಿತದ್ದು ಇಂಥ ಕಾರ್ಯಕ್ರಮಗಳಿಂದಲೇ. ಪುರುಷ ನರ್ತಕನಿಗೆ ಶಾಸ್ತ್ರೀಯ ನೃತ್ಯದಲ್ಲಿ ಗೌರವದ ಸ್ಥಾನವನ್ನು ದೊರಕಿಸಿದ್ದು ಅವರ ಇನ್ನೊಂದು ಕೊಡುಗೆ. ಭರತನಾಟ್ಯದಲ್ಲಿ ಪುರುಷರು ನಟುವಾಂಗ ನಡೆಸುವುದು ಮತ್ತು ಪಾಠ ಹೇಳುವುದು ರೂಢಿಯಲ್ಲಿತ್ತು. ರಂಗದ ಮೇಲೆ ನರ್ತಿಸುವವರು ಮುಖ್ಯವಾಗಿ ಸ್ತ್ರೀಯರಾಗಿದ್ದರು.

ಕೊನೆಯ ವರ್ಷಗಳು ಮತ್ತು ಗೌರವಗಳು

ರಾಮ್ ಗೋಪಾಲ್ ಅವರ ಬದುಕಿನ ಉತ್ತರಾರ್ಧ ಹೆಚ್ಚಾಗಿ ಲಂಡನ್ನಿನಲ್ಲಿ ಕಳೆಯಿತು. 1960ರ ದಶಕದ ನಂತರ ಅವರ ಪ್ರದರ್ಶನಗಳು ವಿರಳವಾದವು. ಭಾರತದಲ್ಲಿ ಕಲಾಕ್ಷೇತ್ರದಂಥ ಸಂಸ್ಥೆಗಳ ಶಿಷ್ಯಪರಂಪರೆಗಳು ಬಲಗೊಂಡ ಆ ಅವಧಿಯಲ್ಲಿ, ಹುಟ್ಟೂರಿನಲ್ಲಿ ಶಾಲೆಯನ್ನಾಗಲಿ ತಂಡವನ್ನಾಗಲಿ ಉಳಿಸಿಹೋಗದ ಅವರ ಹೆಸರು ಕ್ರಮೇಣ ಮರೆಗೆ ಸರಿಯಿತು. ಸಂಗೀತ ನಾಟಕ ಅಕಾಡೆಮಿಯು 1990ರಲ್ಲಿ ತನ್ನ ಫೆಲೋಶಿಪ್ ನೀಡಿ ಗೌರವಿಸಿತು. ಬ್ರಿಟಿಷ್ ಸರ್ಕಾರವು 1999ರಲ್ಲಿ ಒ.ಬಿ.ಇ. ಪುರಸ್ಕಾರವನ್ನು ನೀಡಿತು. ರಾಮ್ ಗೋಪಾಲ್ 2003ರ ಅಕ್ಟೋಬರ್ 12ರಂದು ಇಂಗ್ಲೆಂಡಿನಲ್ಲಿ ನಿಧನರಾದರು.

ಪ್ರಭಾವ

ಸ್ವಂತ ಸಂಸ್ಥೆ ಉಳಿಯದಿದ್ದರೂ, ರಾಮ್ ಗೋಪಾಲ್ ಅವರ ತಂಡ ಮತ್ತು ಶಾಲೆಯ ಮೂಲಕ ಹಾದುಹೋದವರು ಭಾರತದ ಸಮಕಾಲೀನ ನೃತ್ಯದ ದಿಕ್ಕನ್ನು ನಿರ್ಧರಿಸಿದರು. ಮೃಣಾಲಿನಿ ಸಾರಾಭಾಯಿ 1949ರಲ್ಲಿ ಅಹಮದಾಬಾದಿನಲ್ಲಿ 'ದರ್ಪಣ' ಸಂಸ್ಥೆಯನ್ನು ಸ್ಥಾಪಿಸಿ, ಶಾಸ್ತ್ರೀಯ ಭಾಷೆಯಲ್ಲಿಯೇ ಸಾಮಾಜಿಕ ವಿಷಯಗಳನ್ನು ರಂಗಕ್ಕೆ ತಂದರು. ಕುಮುದಿನಿ ಲಖಿಯಾ ಅದೇ ನಗರದಲ್ಲಿ 'ಕದಂಬ' ಸಂಸ್ಥೆಯನ್ನು ಕಟ್ಟಿ, ಏಕವ್ಯಕ್ತಿ ಕಲೆಯಾಗಿದ್ದ ಕಥಕ್ ಅನ್ನು ಸಮೂಹ ಸಂಯೋಜನೆಗಳಿಗೆ ಒಗ್ಗಿಸಿದರು. ಮಾಯಾ ರಾವ್ 1960ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನು ವ್ಯಾಸಂಗ ಮಾಡಿ, ಭಾರತದಲ್ಲಿ ಅದನ್ನು ಒಂದು ಶಿಸ್ತಾಗಿ ಬೋಧಿಸುವ ಸಂಸ್ಥೆಯನ್ನು ದೆಹಲಿಯಲ್ಲಿ ಆರಂಭಿಸಿದರು. 1987ರಲ್ಲಿ ಆ ಸಂಸ್ಥೆಯೊಂದಿಗೆ ಅವರು ಬೆಂಗಳೂರಿಗೆ ಮರಳಿದರು. ಬೆನ್ಸನ್ ಟೌನ್‌ನ ಶಾಲೆಯಲ್ಲಿ ಆರಂಭವಾದ ಪಾಠವೊಂದು ಹೀಗೆ ನಾಲ್ಕು ದಶಕಗಳ ಬಳಿಕ ಅದೇ ನಗರದ ಹೊಸ ತಲೆಮಾರಿನ ನರ್ತಕರನ್ನು ತಲುಪಿತು.