ಮಣ್ಣಿನ ಮನೆಗಳ ವಾಸ್ತುಶಿಲ್ಪಿ ಹಸನ್ ಫತ್ಹಿ (1900–1989)

ವಸತಿ ಯೋಜನೆಗಳಡಿ ಅರ್ಜಿ ಸಲ್ಲಿಸುವ ಅನೇಕರು ಮಣ್ಣಿನ ಮನೆ ಎಂದರೆ ಬಡತನದ ಗುರುತು ಎಂದೇ ಭಾವಿಸುತ್ತಾರೆ. ಆದುದರಿಂದ ಮಣ್ಣನ್ನೇ ನೆಚ್ಚಿ ಕಟ್ಟಿದ ಈಜಿಪ್ಟ್ ದೇಶದ ವಾಸ್ತುಶಿಲ್ಪಿ ಹಸನ್ ಫತ್ಹಿಯವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಫತ್ಹಿಯವರು 1900ರ ಮಾರ್ಚ್ 23ರಂದು ಅಲೆಕ್ಸಾಂಡ್ರಿಯಾ ನಗರದ ಸ್ಥಿತಿವಂತ ಕುಟುಂಬವೊಂದರಲ್ಲಿ ಜನಿಸಿದರು. 1926ರಲ್ಲಿ ಕೈರೋದಲ್ಲಿ ವಾಸ್ತುಶಿಲ್ಪ ಪದವಿ ಪಡೆದರು. ತಮ್ಮ ಕುಟುಂಬದ ಜಮೀನಿನಲ್ಲಿಯೇ ದುಡಿಯುತ್ತಿದ್ದ ರೈತರ ಗುಡಿಸಲುಗಳ ದುಃಸ್ಥಿತಿಯನ್ನು ಕಂಡ ಮೇಲೆ ಗ್ರಾಮೀಣ ವಸತಿಯೇ ಅವರ ಕಾರ್ಯಕ್ಷೇತ್ರವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕು ಹಾಗೂ ಮರಮುಟ್ಟುಗಳ ಕೊರತೆ ಉಂಟಾಯಿತು. ಗೋಡೆಗೆ ಹೊಲದ ಮಣ್ಣು ಸಾಕು, ಕಷ್ಟವಿರುವುದು ಛಾವಣಿಯಲ್ಲಿ. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗೂ ತೊಲೆ, ಜಂತೆಗಳು ಬೇಕೇ ಬೇಕು. ಮರದ ಆಧಾರವಿಲ್ಲದೆ ಇಟ್ಟಿಗೆಯ ಕಮಾನು ಛಾವಣಿ ಹಾಕಿಸಲು ಫತ್ಹಿಯವರು ಮಾಡಿದ ಪ್ರಯತ್ನಗಳು ಕುಸಿದು ಬಿದ್ದವು. ಸಹೋದರರ ಸಲಹೆಯ ಮೇರೆಗೆ 1941ರಲ್ಲಿ ಅವರು ಆಸ್ವಾನ್ ಸಮೀಪದ ನುಬಿಯನ್ ಜನರ ಗ್ರಾಮಕ್ಕೆ ಭೇಟಿ ನೀಡಿದರು. ಅಲ್ಲಿನ ಗಾರೆ ಕೆಲಸದವರು ಒಂದು ತುದಿಯ ಗೋಡೆಯನ್ನು ಎತ್ತರಕ್ಕೆ ಕಟ್ಟಿ, ಹೆಚ್ಚು ಹುಲ್ಲು ಬೆರೆಸಿ ಬಿಸಿಲಿನಲ್ಲಿ ಒಣಗಿಸಿದ ಹಗುರವಾದ ಇಟ್ಟಿಗೆಗಳನ್ನು ಅದಕ್ಕೆ ಓರೆಯಾಗಿ ಒರಗಿಸುತ್ತಿದ್ದರು. ಪ್ರತಿಯೊಂದು ಸಾಲಿಗೂ ಹಿಂದಿನ ಸಾಲೇ ಆಸರೆ. ಒಂದು ತುಂಡು ಮರವೂ ಬೇಕಿರಲಿಲ್ಲ. ಲಕ್ಸರ್ ಬಳಿಯ ರಾಮೆಸಿಯಮ್ ದೇವಾಲಯದ ಉಗ್ರಾಣಗಳಲ್ಲಿ ಸುಮಾರು 3,200 ವರ್ಷಗಳಷ್ಟು ಹಳೆಯದಾದ ಮಣ್ಣಿನ ಇಟ್ಟಿಗೆಯ ಕಮಾನುಗಳು ಇಂದಿಗೂ ನಿಂತಿವೆ. ಪದವಿಯಲ್ಲಿ ದೊರೆಯದ ಈ ವಿದ್ಯೆಯನ್ನು ಫತ್ಹಿಯವರು ಗಾರೆ ಕೆಲಸದವರಿಂದ ಕಲಿತರು, ಮತ್ತು ಅವರನ್ನೇ ತಮ್ಮ ಕಾಮಗಾರಿಗಳಿಗೆ ಕರೆಸಿಕೊಂಡರು.

ಲಕ್ಸರ್ ಎದುರಿನ ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಪ್ರಾಚೀನ ಸಮಾಧಿಗಳ ಮೇಲೆಯೇ ಮನೆ ಮಾಡಿಕೊಂಡಿದ್ದ ಗುರ್ನಾ ಗ್ರಾಮದ ಸುಮಾರು 7,000 ಜನರನ್ನು ಸ್ಥಳಾಂತರಿಸಲು ಪುರಾತತ್ವ ಇಲಾಖೆಯು ತೀರ್ಮಾನಿಸಿ, 1945ರಲ್ಲಿ ಹೊಸ ಗ್ರಾಮದ ನಿರ್ಮಾಣವನ್ನು ಫತ್ಹಿಯವರಿಗೆ ವಹಿಸಿತು. ಮಸೀದಿ, ಮಾರುಕಟ್ಟೆ, ಶಾಲೆ, ರಂಗಮಂದಿರ ಹಾಗೂ ಒಳಾಂಗಣವುಳ್ಳ ಮನೆಗಳು ಮಣ್ಣಿನಲ್ಲಿಯೇ ಎದ್ದವು. ಆದರೆ ಇವು ಯಾರೂ ಅರ್ಜಿ ಸಲ್ಲಿಸಿ ಕೇಳಿದ ಮನೆಗಳಲ್ಲ. ಸಮಾಧಿಗಳಲ್ಲಿ ದೊರೆಯುವ ಪ್ರಾಚ್ಯವಸ್ತುಗಳೇ ಅನೇಕ ಕುಟುಂಬಗಳ ಜೀವನೋಪಾಯವಾಗಿದ್ದುದರಿಂದ ಗ್ರಾಮಸ್ಥರು ವಿರೋಧಿಸಿದರು; ಏರಿ ಒಡೆದು ಹೊಸ ಗ್ರಾಮಕ್ಕೆ ನೀರು ನುಗ್ಗಿಸಿದ ಪ್ರಸಂಗವೂ ನಡೆಯಿತು. ಇಲಾಖಾ ಮಂಜೂರಾತಿಗಳ ವಿಳಂಬವೂ ಸೇರಿ ಕಾಮಗಾರಿಯು ಅಪೂರ್ಣವಾಗಿ ನಿಂತಿತು. ಒಳ್ಳೆಯ ಸಾಮಗ್ರಿ, ಒಳ್ಳೆಯ ನಕ್ಷೆ ಎರಡೂ ಇದ್ದವು; ವಾಸ ಮಾಡುವವರ ಒಪ್ಪಿಗೆ ಇರಲಿಲ್ಲ.

ಈ ಸೋಲನ್ನು ಮರೆಮಾಚದೆ ಅವರು ಬರೆದ ಕೃತಿಯು 1969ರಲ್ಲಿ ಕೈರೋದಲ್ಲಿಯೂ, 1973ರಲ್ಲಿ ‘ಆರ್ಕಿಟೆಕ್ಚರ್ ಫಾರ್ ದಿ ಪೂರ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. 1980ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಲಭಿಸಿತು. 1989ರ ನವೆಂಬರ್ 30ರಂದು ಕೈರೋದಲ್ಲಿ ನಿಧನರಾದರು.

ಹೊಸ ಗುರ್ನಾದಲ್ಲಿ ಮುಂದೆ ಜನವಸತಿ ಏರ್ಪಟ್ಟಿತಾದರೂ ಅಂತರ್ಜಲದ ತೇವ ಮತ್ತು ಉಪ್ಪಿನಿಂದ ಗೋಡೆಗಳು ಶಿಥಿಲಗೊಂಡು, ಹಲವು ಮನೆಗಳ ಜಾಗದಲ್ಲಿ ಕಾಂಕ್ರೀಟ್ ಕಟ್ಟಡಗಳು ಬಂದವು. 2010ರಲ್ಲಿ ಈ ಗ್ರಾಮವನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಫತ್ಹಿಯವರು ಕಟ್ಟಿಸಿದ ಮಸೀದಿಯು ಉಳಿದುಕೊಂಡಿದೆ.