ಪಂಡಿತಾ ರಮಾಬಾಯಿ: ಮತಾಂತರ ಮತ್ತು ದೈವಸಂಕಲ್ಪದ ನಂಬಿಕೆ

ಪಂಡಿತಾ ರಮಾಬಾಯಿ (1858–1922) ಕ್ರೈಸ್ತಮತವನ್ನು ಸ್ವೀಕರಿಸುವರೆಂದು ಊಹಿಸಲು ಅವರ ಮನೆತನದಲ್ಲಾಗಲಿ ವಿದ್ಯಾಭ್ಯಾಸದಲ್ಲಾಗಲಿ ಯಾವ ಸೂಚನೆಯೂ ಇರಲಿಲ್ಲ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಪಂಡಿತರ ವಿರೋಧ ಕಟ್ಟಿಕೊಂಡವರು. ಗಂಗಾಮೂಲದ ಕಾಡಿನಲ್ಲಿ ಜನಿಸಿದ ರಮಾಬಾಯಿ, ಪುರಾಣಪ್ರವಚನದಿಂದ ಜೀವಿಸುತ್ತಿದ್ದ ಕುಟುಂಬದೊಡನೆ ತೀರ್ಥಕ್ಷೇತ್ರಗಳನ್ನು ಅಲೆಯುತ್ತ ತಾಯಿಯಿಂದಲೇ ಸಂಸ್ಕೃತ ಕಲಿತರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ವ್ರತ, ದಾನ, ಯಾತ್ರೆಗಳ ಫಲವೇನೆಂಬ ಸಂದೇಹ ಆಗಲೇ ಮೊಳೆಯಿತು.

1878ರಲ್ಲಿ ಅಣ್ಣ ಶ್ರೀನಿವಾಸನೊಡನೆ ಕಲ್ಕತ್ತೆಗೆ ಬಂದ ಅವರಿಗೆ ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಅಲ್ಲಿನ ಕ್ರೈಸ್ತ ಕೂಟವೊಂದರಲ್ಲಿ ಜನ ಕುರ್ಚಿಗಳ ಮುಂದೆ ಮಂಡಿಯೂರಿದ್ದನ್ನು ಕಂಡು, ಇವರು ಕುರ್ಚಿಯನ್ನೇ ಪೂಜಿಸುವರೆಂದು ಭಾವಿಸಿದರಂತೆ! ಅಣ್ಣನ ಮರಣಾನಂತರ 1880ರಲ್ಲಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಸಿಲ್ಚಾರಿನ ಮನೆಯಲ್ಲಿ ದೊರೆತ ಲೂಕನ ಸುವಾರ್ತೆಯ ಬಂಗಾಳಿ ಪ್ರತಿ ಆಸಕ್ತಿ ಕೆರಳಿಸಿತು. ಪತಿಗೆ ಅದು ಹಿಡಿಸಲಿಲ್ಲ. 1882ರಲ್ಲಿ ಪತಿಯೂ ಇಲ್ಲವಾದರು.

ವೈದ್ಯಶಿಕ್ಷಣದ ಉದ್ದೇಶದಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಮತಾಂತರ ಹೊಂದುವ ವಿಚಾರವನ್ನು ಅವರು ಸ್ಪಷ್ಟವಾಗಿ ನಿರಾಕರಿಸಿದ್ದರು. ಅಲ್ಲಿ ಸಂಗಾತಿ ಆನಂದಿಬಾಯಿ ಭಗತರ ಆತ್ಮಹತ್ಯೆ ಅವರನ್ನು ತಲ್ಲಣಗೊಳಿಸಿತು. ಕಿವುಡುತನ ವೈದ್ಯಶಿಕ್ಷಣಕ್ಕೆ ಅಡ್ಡಬಂದಿತು. ಸಮಾಜ ಪತಿತೆಯರೆಂದು ತಳ್ಳಿದ ಹೆಂಗಸರನ್ನು ಸನ್ಯಾಸಿನಿಯರು ಪಾಲಿಸುತ್ತಿದ್ದ ಫುಲ್ಹ್ಯಾಮಿನ ಆಶ್ರಯಧಾಮವನ್ನು ಕಂಡು, ಸಮಾರ್ಯದ ಸ್ತ್ರೀಯ ಕಥೆಯನ್ನು ಕೇಳಿ, ಅವರ ಮನಸ್ಸು ತಿರುಗಿತು. 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಮುಗಿಯಲಿಲ್ಲ ಎಂಬುದೇ ಗಮನಾರ್ಹ. ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ತ್ರಿತ್ವ, ಚರ್ಚಿನ ಅಧಿಕಾರ ಮೊದಲಾದ ವಿಷಯಗಳಲ್ಲಿ ಅವರು ಪತ್ರಮುಖೇನ ಕಟುವಾಗಿ ವಾದಿಸಿದರು. ಶಿಲುಬೆಯ ಮೇಲಿನ ಲ್ಯಾಟಿನ್ ಬರಹಕ್ಕೆ ಬದಲಾಗಿ ಸಂಸ್ಕೃತ ಏಕಿರಬಾರದೆಂಬುದೂ ಅವರ ತಕರಾರಾಗಿತ್ತು. ಶಿಷ್ಯೆಯ ಶ್ರದ್ಧೆ ತಾವು ಬಯಸಿದ ವೇಗದಲ್ಲಿ ಮಾಗಲಿಲ್ಲವೆಂಬುದು ವಾಂಟೇಜಿನವರಿಗೆ ನೋವುಂಟುಮಾಡಿತು. ತಮಗೆ ಅಂದು ಮತ ದೊರೆತಿತ್ತೇ ಹೊರತು ಕ್ರಿಸ್ತ ದೊರೆತಿರಲಿಲ್ಲವೆಂದು ರಮಾಬಾಯಿಯವರೇ ಮುಂದೆ ಒಪ್ಪಿಕೊಂಡರು. ಆ ಅನುಭವಕ್ಕೆ ಇನ್ನೂ ಎಂಟು ವರ್ಷ ಹಿಡಿಯಿತು.

ಇದರ ಬೆಲೆಯೂ ಅಲ್ಪವಲ್ಲ. 1889ರಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನದ ವಿದ್ಯಾರ್ಥಿನಿಯರು ಅವರ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳತೊಡಗಿದಾಗ ಪುಣೆಯಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯನ್ನು ತೊರೆದರು. ಪೋಷಕರ ಆತಂಕ ನಿರಾಧಾರವಾಗಿರಲಿಲ್ಲ. ಸದನವು ಮತನಿರಪೇಕ್ಷವೆಂಬ ಭರವಸೆಯ ಮೇಲೆಯೇ ಅವರು ಹೆಣ್ಣುಮಕ್ಕಳನ್ನು ಕಳುಹಿಸಿದ್ದರು.

1907ರ ಆತ್ಮನಿವೇದನೆಯಲ್ಲಿ ರಮಾಬಾಯಿ ಹೆತ್ತವರ ಮರಣ, ಅಲೆದಾಟ, ವೈಧವ್ಯಗಳನ್ನೆಲ್ಲ ದೇವರು ನಡೆಸಿದ ಮಾರ್ಗವೆಂದೇ ಓದಿಕೊಂಡರು. ಇದು ಹಿಂದಿರುಗಿ ನೋಡಿದ ದೃಷ್ಟಿ, ನಿಜ. ಆದರೆ ಆ ನಂಬಿಕೆ ಅವರನ್ನು ಸುಮ್ಮನೆ ಕೂರಿಸಲಿಲ್ಲ: 1896–97ರ ಕ್ಷಾಮದಲ್ಲಿ, ತಾವು ಹಿಂದೆ ಉಂಡ ಹಸಿವನ್ನು ನೆನೆದು, ಮಧ್ಯಪ್ರಾಂತದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನ ಮುಕ್ತಿಯಲ್ಲಿ ಸಲಹಿದರು. ಮನೋರಮೆ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ದುಡಿದ ಮರಾಠಿ ಬೈಬಲ್ ಅನುವಾದವು 1922ರ ಏಪ್ರಿಲ್ 5ರಂದು ರಮಾಬಾಯಿ ನಿಧನರಾದ ಬಳಿಕ, 1924ರಲ್ಲಿ ಪ್ರಕಟವಾಯಿತು.